ಮೊದಲನೇ ಬೆಲ್ಲ ಮೇಡಂಗೆ ಹೋಯ್ತು

ನನ್ನ ಮೊಮ್ಮಗಳು ಪವಿತ್ರ ಪಾಸಾದಳು! ಮಂಡ್ಯದ ಕಾಲೇಜಿನಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳ ಎದುರಿಗೆ ನಿಂತು, ಅವರು ಕೇಳಿದ್ದಕ್ಕೆಲ್ಲ ಬಾಯಲ್ಲೇ ಉತ್ತರ ಕೊಟ್ಟು, ಇಂಜಿನಿಯರಿಂಗಿನಲ್ಲಿ ಪಿಎಚ್‌ಡಿ ಪಾಸಾದಳು. ನಮ್ಮ ಕೊಪ್ಪದ ಕಡೆ ಆಲೆಮನೆ ಇಟ್ಟುಕೊಂಡವರ ಮನೆಯಿಂದ ಅಷ್ಟು ಓದಿದವರು ಯಾರಾದರೂ ಇದ್ದರೆ ತೋರಿಸಿ ನೋಡೋಣ. ಹಾಲಿನ ಡೇರಿ ಹತ್ತಿರ ಹೋಗಿ ಹೇಳಿದೆ. ಅರಳಿಕಟ್ಟೆ ಹತ್ತಿರ ಹೇಳಿದೆ. ಮದ್ದೂರು ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆಯ ಬಸ್ಸು ಬಂದು ನಿಂತರೂ ನನ್ನ ಮಾತು ಮುಗಿಯಲಿಲ್ಲ.

ಫೋನು ಬಂದಾಗ ನಾನೂ ಸೊಸೆಯೂ ಜಗಲಿಯ ಮೇಲೆ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಕೈಯೆಲ್ಲ ಸೊನೆ. ಸೊಸೆ ಫೋನನ್ನ ನನ್ನ ಕಿವಿಗೆ ಹಿಡಿದಳು.

"ಅಜ್ಜೀ, ಆಯ್ತು! ಪಾಸು!" ಅಂದಳು ಪವಿ.

ಮೊಣಕೈಯಲ್ಲಿ ಕಣ್ಣು ಒರೆಸಿಕೊಂಡೆ. ನಾನು ಬಾಯಿ ಬಿಡೋ ಮೊದಲೇ, ಅದೇ ಉಸಿರಿನಲ್ಲಿ, "ಮೇಡಂ ಅತ್ತೇ ಬುಟ್ರು ಕಣಜ್ಜಿ" ಅಂದಳು.

ನೋಡಿ ಮತ್ತೆ. ನಾನೂ ಅಳುತ್ತಿದ್ದೆ. ಅದನ್ನ ಯಾರು ಕೇಳಿದರು?

ಆ ಮೇಡಂ ಪವಿಯ ಗೈಡು. ಅಂದರೆ ಇಷ್ಟು ವರ್ಷ ಅವಳ ಕೈ ಹಿಡಿದು ಓದಿಸಿದವರು. ಕೆಲಸದಿಂದ ರಿಟೈರ್ ಆಗಿ ಆಗಲೇ ಕೆಲವು ತಿಂಗಳಾಯಿತು. ಇವತ್ತಿನ ಪರೀಕ್ಷೆ ಒಂದು ಮುಗಿಯಲಿ ಅಂತ ಮಂಡ್ಯದಲ್ಲಿ ಉಳಿದಿದ್ದರು. ಈ ಸಂಜೆ ರೈಲಿಗೆ ಹುಬ್ಬಳ್ಳಿಯ ಮಗಳ ಮನೆಗೆ ಗಂಟುಮೂಟೆ ಕಟ್ಟಿ ಹೊರಟರು. ಇನ್ನು ಈ ಕಡೆ ಬರಲ್ಲ. ಅವರ ಹೆಸರು ನಾನು ಬರೆಯಲ್ಲ, ನಮ್ಮ ಮನೆಯಲ್ಲಿ ಆ ಹೆಸರನ್ನ ಯಾರೂ ಹಿಡಿದು ಕರೆದದ್ದೂ ಇಲ್ಲ. ಮೇಡಂ ಅಂದರೆ ಅವರೇ. ಹೋದವರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೀನಿ. ಹೊಟ್ಟೆಕಿಚ್ಚಿಗೆ ಬರೆದಿದ್ದಾಳೆ ಅಂತ ಯಾರಾದರೂ ಅಂದರೆ, ಹೌದು, ಹೊಟ್ಟೆಕಿಚ್ಚೇ.

ಮೊದಲು ಇವತ್ತು ಬೆಳಿಗ್ಗೆ ನಡೆದದ್ದನ್ನ ಹೇಳಿಬಿಡ್ತೀನಿ. ವರ್ಷಕ್ಕೆ ಮೊದಲ ಸಲ ಆಲೆಮನೆಯ ಒಲೆ ಹತ್ತಿಸಿ, ಕಬ್ಬಿನ ಹಾಲು ಕಾಯಿಸಿ, ಮೊದಲ ಕೊಪ್ಪರಿಗೆ ಇಳಿಸಿದಾಗ ಆ ಬೆಲ್ಲದಲ್ಲಿ ಒಂದು ಉಂಡೆ ಪವಿಗೆ. ಅದೂ ನನ್ನ ಕೈಯಿಂದ ಅವಳ ಬಾಯಿಗೆ. ಹಲ್ಲು ಬಾರದ ಮಗುವಾಗಿದ್ದಾಗ ಬೆರಳಿಗೆ ಹಚ್ಚಿ ಚೀಪಿಸಿದೆ. ಆಮೇಲೆ ಊದಿ ಊದಿ ಆರಿಸಿ ಇಟ್ಟೆ. ಹೈಸ್ಕೂಲಿಗೆ ಹೋದರೂ, ಇಂಜಿನಿಯರಿಂಗಿಗೆ ಹೋದರೂ, ಆ ಒಂದು ದಿನ ನನ್ನ ಮುಂದೆ ಬಂದು ಬಾಯಿ ಕಳೀಬೇಕು. ಅವಳು ತಿನ್ನೋವರೆಗೂ ಮನೆಯಲ್ಲಿ ಯಾರೂ ಹೊಸ ಬೆಲ್ಲ ಮುಟ್ಟೋ ಹಾಗಿಲ್ಲ. ನಮ್ಮ ಯಜಮಾನರ ಕಾಫಿಗೂ ಹಳೇ ಬೆಲ್ಲವೇ.

ಈ ವರ್ಷ ಒಲೆ ಹತ್ತಿಸಿದಾಗ ಪವಿ ಮಂಡ್ಯದಲ್ಲಿ ಓದಿಕೊಳ್ಳುತ್ತಿದ್ದಳು. ಉಂಡೆ ಎತ್ತಿಟ್ಟು ಕಾದೆ. ನಿನ್ನೆ ಸಂಜೆ ಮನೆಗೆ ಬಂದಳು. ಇವತ್ತು ಬೆಳಿಗ್ಗೆ ದೇವರಿಗೆ ಕೈ ಮುಗಿದು ಪರೀಕ್ಷೆಗೆ ಹೊರಟಾಗ ನಾನು ಬೆಲ್ಲ ಹಿಡಿದು ಬಾಗಿಲಲ್ಲಿ ನಿಂತೆ.

"ಬಾಯಿ ಕಳಿಯವ್ವ."

ಅವಳು ಬಾಯಿ ತೆಗೆಯಲಿಲ್ಲ. ಕೈ ಚಾಚಿ ಉಂಡೆ ತಗೊಂಡಳು. "ಅಜ್ಜೀ, ಈ ವರ್ಸದ್ದ ಮೇಡಂಗೆ ಕೊಡ್ತೀನಿ ಕಣಜ್ಜಿ. ಬರೋ ವರ್ಸ ಅವ್ರು ಸಿಕ್ಕಲ್ಲ" ಅಂದಳು. ಬಾಳೆ ಎಲೆಯ ಚೂರಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡು, ಅವರಪ್ಪನ ಬೈಕು ಹತ್ತಿಯೇಬಿಟ್ಟಳು.

ಒಳ್ಳೇ ಕೆಲಸಕ್ಕೆ ಹೊರಟವಳನ್ನ ಹಿಂದಿನಿಂದ ಕೂಗಿ ಕರೀಬಾರದು ಅಂತ ತುಟಿ ಕಚ್ಚಿಕೊಂಡೆ. ಬೆಲ್ಲ ಅಂಟಿದ ಕೈ ಹಾಗೇ ಮುಂದೆ ಚಾಚಿತ್ತು. ಅದೂ ಕೊಟ್ಟದ್ದು ಯಾರಿಗೆ? ಸಕ್ಕರೆ ಕಾಯಿಲೆ ಇರುವ ಹೆಂಗಸಿಗೆ!

ಮೇಡಂ ಮೊದಲ ಸಲ ನಮ್ಮ ಆಲೆಮನೆಗೆ ಬಂದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರೊಫೆಸರ್ ಅಂದರೆ ಕಾರಿನಲ್ಲಿ ಬರುತ್ತಾರೆ ಅಂತ ಧೂಳು ಏಳದ ಹಾಗೆ ದಾರಿಗೆ ನೀರು ಚಿಮುಕಿಸಿದ್ದೆ. ಅವರು ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಬಂದು, ಊರ ಗೇಟಿನ ಸ್ಟಾಪಿನಲ್ಲಿ ಇಳಿದು, ನಾನು ಮಾಡಿದ ಕೆಸರಿನಲ್ಲೇ ನಡೆದುಕೊಂಡು ಬಂದರು. ಕಾಟನ್ ಸೀರೆ. ಕಾಲಿಗೆ ಹುಡುಗರು ಓಡೋಕೆ ಹಾಕಿಕೊಳ್ಳುವ ಬೂಟು. ಸೀರೆಗೆ ಬೂಟು! ತಲೆಯ ನರೆಗೆ ಬಣ್ಣ ಇಲ್ಲ, ಕೈಯಲ್ಲಿ ಬಳೆ ಒಂದೊಂದೇ. ಇಷ್ಟೇನಾ ಅಂದುಕೊಂಡೆ.

ನಮ್ಮ ಕಡೆ ಆಲೆಮನೆಗೆ ಕಾಲಿಟ್ಟವರು, ದಾರೀಲಿ ಹೋಗೋರೇ ಆಗಲಿ, ಕಬ್ಬಿನ ಹಾಲು ಕುಡಿಯದೆ ಹೋಗೋ ಹಾಗಿಲ್ಲ. ನಾನು ಶುಂಠಿ ಜಜ್ಜಿ, ನಿಂಬೆಹಣ್ಣು ಹಿಂಡಿ, ಮನೆಯ ದೊಡ್ಡ ಲೋಟದಲ್ಲಿ ತಂದುಕೊಟ್ಟೆ. ಅವರು ಮೂಗಿನ ಹತ್ತಿರ ಹಿಡಿದು ಒಂದು ಸಲ ವಾಸನೆ ಎಳೆದುಕೊಂಡು ವಾಪಸ್ ಕೊಟ್ಟರು.

"ನಂಗೆ ಶುಗರ್ ಅಮ್ಮಾ."

"ಸುಗರ್ ಇರೋರ್ಗೆ ಆಲೆಮನೇಲಿ ಏನ್ ಕ್ಯಾಮೆ?" ಅಂದೆ. ಬಾಯಿ ತಪ್ಪಿ ಅಂದದ್ದೇನಲ್ಲ, ಕೇಳಬೇಕು ಅಂತಲೇ ಕೇಳಿದ್ದು.

ಪವಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಮೇಡಂ ಮಾತ್ರ ಗಹಗಹಿಸಿ ನಕ್ಕರು. "ನಿಮ್ಮ ಬೆಲ್ಲಕ್ಕೆ ಬಂದವಳಲ್ಲ ಅಮ್ಮಾ, ನಿಮ್ಮ ಹೊಗೆಗೆ ಬಂದವಳು" ಅಂದರು.

ಇನ್ನೊಂದು ನೋಡಿ. ಅವರಿಗೇ ರಿಟೈರ್ ಆಗುವ ವಯಸ್ಸು. ನನ್ನನ್ನ ಅಮ್ಮಾ ಅನ್ನೋದು! ನಾನೇನು ಅವರನ್ನ ಹೆತ್ತಷ್ಟು ದೊಡ್ಡವಳಾ?

ಅವತ್ತೇ ಆ ವರ್ಷದ ಮೊದಲ ಕೊಪ್ಪರಿಗೆ ಇಳಿದದ್ದು. ನಾನು ಉಂಡೆ ಊದಿ ಆರಿಸಿ "ಬಾರವ್ವ" ಅಂದೆ. ಪವಿ ಬಂದು ಕರುವಿನ ಹಾಗೆ ಕತ್ತು ಚಾಚಿ ಬಾಯಿ ತೆಗೆದಳು. ಮೇಡಂ ನೋಡುತ್ತಾ ನಿಂತಿದ್ದರು.

"ಇಷ್ಟು ದೊಡ್ಡವಳಿಗೆ ಇನ್ನೂ ಬಾಯಿಗೆ ಹಾಕ್ತೀರಾ?"

"ಮೊದಲ್ನೇ ಬೆಲ್ಲ ನನ್ ಕೈಯಿಂದ್ಲೇ ಓಗ್ಬೇಕು. ಅಂಗೇ ನಡ್ಕಂಡ್ ಬಂದದೆ" ಅಂದೆ.

ಅವರು ಸ್ವಲ್ಪ ನಕ್ಕು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಹಳ್ಳಿಯೋರ ಹುಚ್ಚು ಅಂತ ನಗುತ್ತಿದ್ದಾರೆ ಅಂತ ನನಗೆ ಮೈಯೆಲ್ಲ ಉರಿಯಿತು.

ಪವಿ ಏನು ಓದುತ್ತಿದ್ದಳು ಅಂತ ಹೇಳಬೇಕಲ್ಲ. ನಮ್ಮ ಒಲೆಯನ್ನೇ ಓದುತ್ತಿದ್ದಳು. ಗಾಣದಲ್ಲಿ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಗೆ ರಚ್ಚು ಅಂತೀವಿ. ಅದೇ ನಮ್ಮ ಸೌದೆ. ಆದರೆ ಅರೆದ ತಕ್ಷಣ ಅದು ಹಸಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮಾಡಿದ್ದು ಅದೇ ಕೆಲಸ: ರಚ್ಚು ಬಿಸಿಲಿಗೆ ಹರವೋದು, ಮಗುಚೋದು, ಒಣಗಿದ್ದನ್ನ ಬಾಚಿ ಒಲೆ ಬಾಯಿಗೆ ಹೊರೋದು. ಮಳೆ ಹಿಡಿಯಿತೋ, ಹಸಿ ರಚ್ಚು ಉರಿಯೋದು ಬಿಟ್ಟು ಹೊಗೆ ಕಾರುತ್ತೆ. ಅಂಥ ದಿನ ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ಕು ಹಾಕಿ ಉರಿಸುತ್ತಾರೆ. ಆ ಕರೀ ಹೊಗೆ ಒಗೆದ ಬಟ್ಟೆಯ ಮೇಲೆ ಕೂರುತ್ತೆ, ಹಸುವಿನ ಹುಲ್ಲಿನ ಮೇಲೆ ಕೂರುತ್ತೆ, ಮಕ್ಕಳ ಎದೆಯೊಳಗೆ ಕೂರುತ್ತೆ. ಪವಿ ಮಾಡಿದ್ದು ಏನಂದರೆ, ಚಿಮಣಿಯಲ್ಲಿ ಸುಮ್ಮನೆ ಮೇಲೆ ಹೋಗಿಬಿಡುವ ಬಿಸಿಯನ್ನ ಒಂದು ತಗಡಿನ ಗೂಡಿನೊಳಗೆ ತಿರುಗಿಸಿ, ಅದೇ ಬಿಸಿಯಿಂದ ಹಸಿ ರಚ್ಚು ಒಣಗಿಸೋದು. ಬಿಸಿಲು ಇರಲಿ, ಬಿಡಲಿ.

ನನ್ನ ಕೆಲಸ ತಗಡಿಗೆ ಹೋಯ್ತು ಅಂತ ನನಗೆ ಬೇಜಾರಿರಲಿಲ್ಲ. ಬೆನ್ನಿನ ಕಷ್ಟ ಬೆನ್ನಿಗೇ ಗೊತ್ತು. ಆದರೆ ಒಂದು ದಿನ ಕೇಳಿದೆ: "ಈ ಯೋಚ್ನೆ ನಿಂಗೆ ನನ್ ಬೆನ್ ನೋಡಿ ಬಂತಾ, ಮೇಡಂ ಪಾಠ ಕೇಳಿ ಬಂತಾ?"

"ಎರಡೂ ಅಜ್ಜಿ" ಅಂದಳು.

ಎರಡೂ ಅನ್ನೋ ಉತ್ತರ ನನಗೆ ಸೇರಲ್ಲ.

ನಮ್ಮ ಯಜಮಾನರ ಕಥೆ ಕೇಳಿ. ಒಲೆಯ ವಿಷಯಕ್ಕೆ ಯಾರಾದರೂ ಬಾಯಿ ಹಾಕಿದರೆ ಕಬ್ಬಿನ ಜಲ್ಲೆ ಹಿಡಿದು ಏಳುವ ಮನುಷ್ಯ. ಗಾಳಿ ಊದೋ ಮಿಷಿನ್ನು ಮಾರೋಕೆ ಬಂದವನನ್ನ ಕೊಪ್ಪದವರೆಗೂ ಓಡಿಸಿದ್ದರು. ಮೇಡಂ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಉರಿಯನ್ನೇ ನೋಡುತ್ತಾ, "ಯಜಮಾನ್ರೇ, ಬೆಂಕಿ ಚೆನ್ನಾಗಿ ಹಾಕ್ತೀರಿ. ಆದರೆ ನಿಮ್ಮ ಬೆಂಕಿ ಕೊಪ್ಪರಿಗೆಗೆ ನೆಂಟ, ಆಕಾಶಕ್ಕೆ ಮನೆಮಗ. ಹೆಚ್ಚು ಹೊತ್ತು ಅಲ್ಲೇ ಇರುತ್ತೆ" ಅಂದರು. ಈಗ ಜಲ್ಲೆ ಏಳುತ್ತೆ ಅಂತ ನಾನು ಕಾದೆ. ನಮ್ಮವರು ಚಿಮಣಿ ಕಡೆ ನೋಡಿದರು, ಗಡ್ಡ ಕೆರೆದುಕೊಂಡರು, ಒಳಗೆ ಹೋಗಿ ಕುರ್ಚಿ ತಂದು ಹಾಕಿದರು!

ಅವತ್ತು ಮೇಡಂ ಹೋದ ಮೇಲೆ ಕೇಳಿದೆ. "ನಾನ್ ಈ ಮನ್ಗೆ ಬಂದು ಮುದ್ಕಿ ಆದೆ. ನಂಗೆ ಯಾವತ್ತಾರ ಒಂದ್ಸಲ ಕುರ್ಚಿ ಹಾಕಿದ್ದೀಯಾ?"

"ನೀನು ಕೂರೋಳೇನಮ್ಮಿ? ಕೂತಿದ್ರಲ್ವಾ ಹಾಕೋದು?" ಅಂದರು.

ಮಾತಿಗೆ ಮಾತು ಚೆನ್ನಾಗಿ ಕಲಿತಿದ್ದಾರೆ.

ಅಲ್ಲಿಂದ ಮುಂದೆ ಮನೆಯಲ್ಲಿ ದಿನಾ ಒಂದೇ ಹಾಡು. ಮೇಡಂ ಹೇಳ್ತಾರೆ, ಮೇಡಂ ಹೇಳ್ತಾರೆ. 'ಸುಮಾರು' ಅನ್ನೋ ಮಾತು ಮೇಡಂಗೆ ಆಗಲ್ಲವಂತೆ. ಯಾರಾದರೂ "ಸುಮಾರು ಇಷ್ಟಾಗುತ್ತೆ" ಅಂದರೆ "ಅಳೆದ್ರಾ, ಅಂದ್ಕೊಂಡ್ರಾ?" ಅಂತ ಕೇಳೋರಂತೆ. ಪವಿ ಬಂದು ಅದನ್ನ ನನ್ನ ಮೇಲೆ ಹಾಕೋಳು. "ಸಾರಿಗೆ ಉಪ್ಪು ಎಷ್ಟಾಕ್ದೆ ಅಜ್ಜಿ? ಅಳೆದ್ಯಾ, ಅಂದ್ಕೊಂಡ್ಯಾ?" ನಾನು ಸೌಟು ತೋರಿಸಿದೆ.

ಸಿಟ್ಟು ಬಂದರೆ ಮೇಡಂ ಕೂಗಾಡುತ್ತಿರಲಿಲ್ಲ. ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಳ್ಳೋರು, ನಿಧಾನವಾಗಿ, ಒಂದೊಂದೇ ಕಾಲು. ಅಷ್ಟು ಹೊತ್ತಿಗೆ ಎದುರಿಗಿದ್ದವರು ತಾವೇ ತಪ್ಪು ಹುಡುಕಿಕೊಳ್ಳಬೇಕು. ಖುಷಿಯಾದರೆ ಕನ್ನಡಕ ಒರೆಸೋದು. ಬೆನ್ನು ತಟ್ಟಿದ್ದು, ಶಭಾಷ್ ಅಂದದ್ದು ನಾನು ನೋಡಿಲ್ಲ. ಅಂಥವರ ಒಂದು ಕನ್ನಡಕ ಒರೆಸೋದಕ್ಕೆ ನನ್ನ ಮೊಮ್ಮಗಳು ಹಗಲೆಲ್ಲ ಹೊಗೆಯಲ್ಲಿ ನಿಲ್ಲೋಳು. ನಾನು ದಿನಕ್ಕೆ ಹತ್ತು ಸಲ "ನನ್ ಚಿನ್ನ, ನನ್ ಬಂಗಾರ" ಅಂತಿದ್ದೆ. ಅದು ಗಾಳಿಗೆ ಹೋಗೋದು.

ಒಂದು ದಿನ ಕಾಫಿ ಕೊಟ್ಟರೆ ಮುಖ ಹಿಂಡಿದಳು. "ಬೆಲ್ಲ ಹಾಕ್ಬೇಡ ಅಜ್ಜಿ ಇನ್ಮೇಲೆ."

ಅವಳ ಹಣೆ ಮುಟ್ಟಿ ನೋಡಿದೆ. "ನಿಂಗೂ ಸುಗರ್ ಬಂತೇನವ್ವ?"

"ಇಲ್ಲ ಅಜ್ಜಿ. ಸಿಹಿ ಇಲ್ದಿದ್ರೆ ಕಾಫಿ ರುಚಿ ಗೊತ್ತಾಯ್ತದಂತೆ. ಮೇಡಂ ಹೇಳ್ತಾರೆ."

ಆಲೆಮನೆಯಲ್ಲಿ ಹುಟ್ಟಿದ ಮಗು, ಬೆಲ್ಲ ಇಲ್ಲದ ಕಾಫಿ! ನಮ್ಮ ಯಜಮಾನರ ಮುಂದೆ ಸೆರಗು ಬಾಯಿಗೆ ಹಿಡಿದು ಅತ್ತೆ. ಅವರು "ಹಾಳಾಗೋಗ್ಲಿ ಬುಡು, ಬೆಲ್ಲ ಉಳೀತು" ಅಂದರು.

ಸರಿ, ನನ್ನ ತೌರಾದರೂ ನನ್ನ ಕಡೆ ಇದೆ ಅಂದುಕೊಂಡಿದ್ದೆ. ನನ್ನ ತೌರು ಮಳವಳ್ಳಿ ಹತ್ತಿರ. ಆ ಕಡೆ ಒಂದು ಆಲೆಮನೆಯ ಹೊಗೆ ನೋಡೋಕೆ ಹೋದಾಗ ಮೇಡಮ್ಮೂ ಪವಿಯೂ ನನ್ನ ತಮ್ಮನ ಮನೆಯಲ್ಲಿ ಉಳಿದರು. ಮಾರನೇ ದಿನ ತಮ್ಮನ ಫೋನು. ನನ್ನ ಮಂಡಿ ನೋವು ಹೇಗಿದೆ ಅಂತ ಕೇಳೋಕೆ ಅಂದುಕೊಂಡೆ. "ಅಕ್ಕಾ, ಎಂಥಾ ಹೆಂಗ್ಸು ಕಣಕ್ಕ ಅವ್ರು! ಆಲೆಮನೆ ಓನರ್ನ ಬೈಲಿಲ್ಲ, ಕೂಗ್ಲಿಲ್ಲ. ಒಂದು ಬಿಳೀ ಬಟ್ಟೆ ಒದ್ದೆ ಮಾಡಿ ಅವ್ನ ಮನೆ ತೊಟ್ಲ ಪಕ್ಕ ನೇತಾಕ್ಸಿದ್ರು. ಸಂಜೆ ಅದು ಕರ್ರಗಾಗಿದ್ದ ಅವ್ನೇ ನೋಡ್ದ. ಟೈರೆಲ್ಲ ತೆಗೆದು ಆಚೆಗಾಕ್ದ ಕಣಕ್ಕ!" ಅಂದ. ನನ್ನ ಮಂಡಿಯ ಸುದ್ದಿ ಎತ್ತಲೇ ಇಲ್ಲ.

ತೌರೂ ಹೋಯ್ತು.

ಅವರ ಮನೆಯಲ್ಲಿ ಏನಿದೆ ಅಂಥದ್ದು, ನೋಡೇಬಿಡೋಣ ಅಂತ ಒಂದು ಸಲ ಸೊಪ್ಪು, ಮೊಟ್ಟೆ, ಎಳನೀರು ಕಟ್ಟಿಕೊಂಡು ಪವಿ ಜೊತೆ ಮಂಡ್ಯಕ್ಕೆ ಹೋದೆ. ಮಹಡಿ ಮೇಲಿನ ಬಾಡಿಗೆ ಮನೆ. ಬಣ್ಣದ ಡಬ್ಬಗಳಲ್ಲಿ ಮೆಂತ್ಯ, ಪುದೀನ ಬೆಳೆಸಿದ್ದರು. ಬಾಗಿಲು ತೆಗೆದದ್ದು ಅವರ ಗಂಡ. ಹೆಗಲ ಮೇಲೆ ಟವೆಲು, ಕೈಯಲ್ಲಿ ಸೌಟು. ಮೊಟ್ಟೆ ಬುಟ್ಟಿ ನೋಡಿ "ಅಯ್ಯೋ ನಾವು ತಿನ್ನಲ್ವಲ್ಲ" ಅಂತ ಅವರೇ ನಾಚಿಕೊಂಡರು. ಉಪ್ಪಿಟ್ಟು ಮಾಡಿದ್ದೂ ಅವರೇ, ಬಡಿಸಿದ್ದೂ ಅವರೇ, ತಟ್ಟೆ ತೊಳೆದದ್ದೂ ಅವರೇ. ಮೇಡಂ ಪವಿಯ ಪಕ್ಕ ಕೂತು ಕಂಪ್ಯೂಟರಿನಲ್ಲಿ ಗೆರೆ ನೋಡುತ್ತಾ "ಇನ್ನೊಂದ್ಸಲ ಅಳಿ" ಅನ್ನುತ್ತಿದ್ದರು. ಉಪ್ಪಿಟ್ಟು ಚೆನ್ನಾಗಿತ್ತು, ಅದೂ ಒಂದು ಸಂಕಟ. ಬಸ್ಸಿನಲ್ಲಿ ವಾಪಸ್ ಬರುವಾಗ ಮದ್ದೂರಿನವರೆಗೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವಿದ್ಯೆ ಅವರಿಗೆ, ಮೊಮ್ಮಗಳು ಅವರಿಗೆ, ಉಪ್ಪಿಟ್ಟು ಮಾಡೋ ಗಂಡನೂ ಅವರಿಗೆ.

ಆಮೇಲೆ ಬಂತು ಆ ದೊಡ್ಡ ದಿನ. ಪವಿಯ ತಗಡಿನ ಗೂಡು ನಿಂತಿತ್ತು. ಹೊಗೆ ಅಳೆಯುವ ಮಿಷಿನ್ನು ಬೇರೆ ಊರಿನ ಕಾಲೇಜಿನಿಂದ ಎರವಲು ತರಬೇಕು, ಒಂದೇ ದಿನಕ್ಕೆ. ಮತ್ತೆ ಬೇಕಂದರೆ ತಿಂಗಳುಗಟ್ಟಲೆ ಕಾಯಬೇಕು. ಪವಿ ಹೊಸದಾಗಿ ಅರೆದ ಹಸಿ ರಚ್ಚನ್ನ ಗೂಡಿನ ಪಕ್ಕ ರಾಶಿ ಹಾಕಿಸಿ, "ಇದನ್ನ ಮುಟ್ಬೇಡಿ, ಪರೀಕ್ಸೆಗಿರೋದು" ಅಂತ ಹೇಳಿ ಮಿಷಿನ್ನು ತರೋಕೆ ಹೋದಳು.

ನಾನು ಆ ರಾಶಿ ನೋಡಿದೆ. ಕೈ ಹಾಕಿದರೆ ಒದ್ದೆ. ಅಲ್ಲಾ, ಮನೆಗೆ ನೆಂಟರು ಬರುತ್ತಾರೆ ಅಂದರೆ ಹಸಿ ಸೌದೆ ಒಲೆಗಿಟ್ಟು ಅವರ ಕಣ್ಣಿಗೆ ಹೊಗೆ ಹಾಕುತ್ತೀವಾ? ಆ ಮೇಡಂ ಮುಂದೆ, ಬೇರೆ ಕಾಲೇಜಿನವರ ಮುಂದೆ, ನನ್ನ ಮೊಮ್ಮಗಳ ಒಲೆ ಹೊಗೆ ಕಾರಬೇಕಾ? ಸೊಸೆಯನ್ನ ಕರೆದೆ. ಇಬ್ಬರೂ ಸೇರಿ ಆ ರಾಶಿಯನ್ನ ಅಂಗಳಕ್ಕೆ ಹರವಿ, ಬೇಸಿಗೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಪವಿ ಬರೋ ಹೊತ್ತಿಗೆ ಇದ್ದ ಜಾಗದಲ್ಲೇ ಇದ್ದ ಹಾಗೇ ರಾಶಿ ಹಾಕಿದೆವು.

ಪರೀಕ್ಷೆಯ ದಿನ ಎಲ್ಲ ಸೊಗಸಾಗಿ ನಡೆಯಿತು. ಒಲೆ ಭುಗ್ ಅಂತ ಹತ್ತಿತು. ಚಿಮಣಿಯ ತುದಿಯಲ್ಲಿ ಹೊಗೆ ಇದೆಯೋ ಇಲ್ಲವೋ ಅನ್ನೋ ಹಾಗೆ. ಪವಿ ಮಿಷಿನ್ನಿನ ನಂಬರು ನೋಡಿ ನೋಡಿ ಕುಣಿದಳು. ಮೇಡಂ ಮಾತ್ರ ಕನ್ನಡಕ ಒರೆಸಲಿಲ್ಲ. ಎದ್ದು ಹೋಗಿ ಆ ರಾಶಿಯಿಂದ ಒಂದು ಎಳೆ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದರು. ಪಟ್ ಅಂತು.

"ಪವಿತ್ರಾ, ಇದು ಇನ್ನೂ ಗೂಡಿನೊಳಗೆ ಹೋಗಿಲ್ಲ ತಾನೇ?"

"ಇಲ್ಲ ಮೇಡಂ. ಇದು ಹಸೀದು."

"ಹಸೀದು ಹೀಗೆ ಮುರಿಯುತ್ತಾ?"

ನಾನು ಮುಂದೆ ಬಂದೆ. ಕೆಲಸ ಮಾಡಿದವಳು ಯಾಕೆ ಹಿಂದೆ ನಿಲ್ಲಲಿ? "ಹಸೀದೆಲ್ಲಿಂದ ಬತ್ತದೆ ಮೇಡಂ? ನಾನೂ ನನ್ ಸೊಸೆನೂ ಬಿಸ್ಲಿಗಾಕಿ ಒಣಗ್ಸಿವಿ. ಎಂಗದೆ?" ಅಂದೆ.

ಪವಿ ತಲೆ ಮೇಲೆ ಕೈ ಹೊತ್ತು ಕೂತಳು. "ಅಜ್ಜೀ! ಗೂಡು ಒಣಗಿಸ್ತದಾ ಇಲ್ವಾ ಅಂತ ನೋಡೋಕೆ ಕಣಜ್ಜಿ ಇಷ್ಟೆಲ್ಲಾ ಮಾಡಿದ್ದು! ನೀನೇ ಒಣಗಿಸ್ಬುಟ್ರೆ ಗೂಡು ಏನ್ ಮಾಡ್ತು?"

ಮೇಡಂ ಬಗ್ಗಿದರು. ಬೂಟಿನ ದಾರ ಬಿಚ್ಚಿದರು. ಕಟ್ಟಿದರು. ಇನ್ನೊಂದು ಕಾಲಿನದೂ ಬಿಚ್ಚಿ ಕಟ್ಟಿದರು. ಆಮೇಲೆ ಎದ್ದು ನನ್ನ ಹತ್ತಿರ ಬಂದು, "ಅಮ್ಮಾ, ಇವತ್ತು ಬಂದಿರೋದೆಲ್ಲ ನಿಮ್ಮ ಮಾರ್ಕ್ಸು. ಅವಳದ್ದಲ್ಲ" ಅಂದರು.

"ನಾಕ್ನೇ ಕ್ಲಾಸು ಓದಿರೋಳ್ಗೆ ಮಾರ್ಕ್ಸ್ ಯಾತಕ್ಕೆ? ಅವ್ಳಿಗೇ ಹಾಕ್ರಿ. ಹೊರಗಿನೋರಾ ನಾವು?"

"ಹಾಕೋಕೆ ಬರಲ್ಲ ಅಮ್ಮಾ. ಇನ್ನೊಂದ್ಸಲ ಅಳೀಬೇಕು."

ಮಿಷಿನ್ನು ಸಂಜೆ ವಾಪಸ್ ಹೋಯಿತು. ಪವಿ ಗೋಡೆಗೆ ಮುಖ ಮಾಡಿ ಅತ್ತಳು. ಯಾರಿಗೂ ಹೇಳದೆ ಹಾಗೇ ಬರೆದುಕೊಂಡಿದ್ದರೆ ಅವಳ ಪಿಎಚ್‌ಡಿ ಆವಾಗಲೇ ಮುಗಿಯುತ್ತಿತ್ತಂತೆ. ಈ ಹೆಂಗಸು ಆ ಎಳೆ ಮುರಿದು ನೋಡದಿದ್ದರೆ ಏನಾಗುತ್ತಿತ್ತು ಅಂತ ಎಷ್ಟು ದಿನ ಶಾಪ ಹಾಕಿದೆನೋ! ಅದರ ಮೇಲೆ, ಮಿಷಿನ್ನು ಮತ್ತೆ ಸಿಗೋ ಹೊತ್ತಿಗೆ ಮೇಡಂ ರಿಟೈರ್ ಆಗಿಬಿಟ್ಟರು. ಇನ್ನು ಇವರು ಯಾಕೆ ಬರುತ್ತಾರೆ, ನನ್ನ ಮೊಮ್ಮಗಳನ್ನ ನಡುನೀರಿನಲ್ಲಿ ಬಿಟ್ಟರು ಅಂದುಕೊಂಡೆ.

ಬಂದರು. ಜಡಿಮಳೆಯಲ್ಲಿ, ಅದೇ ಬಸ್ಸಿನಲ್ಲಿ, ಕೊಡೆ ಹಿಡಿದುಕೊಂಡು. ಬೂಟಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡಿದ್ದರು. "ಬಿಸಿಲೇ ಇಲ್ಲದ ದಿನ ನೋಡಿ ಬಂದಿದ್ದೀನಿ ಅಮ್ಮಾ. ಇವತ್ತು ನಿಮಗೆ ಒಂದು ಕೆಲಸ" ಅಂದರು.

"ಏನು?"

"ಈ ಹಸಿ ರಚ್ಚಿನ ರಾಶಿ ಕಾಯಬೇಕು. ಯಾರೂ ಒಣಗಿಸದ ಹಾಗೆ."

ನಮ್ಮ ಯಜಮಾನರು ಕೆಮ್ಮೋ ನೆಪದಲ್ಲಿ ನಕ್ಕರು. ಕೆಂಡದ ಹಾಗೆ ಸಿಟ್ಟು ಬಂತು ನನಗೆ, ಆದರೂ ಕೋಲು ಹಿಡಿದು ರಾಶಿಯ ಪಕ್ಕ ಕೂತೆ. ಕೋಳಿ ಬಂದರೂ ಬಿಡಲಿಲ್ಲ. ಮೇಡಂ ಹೋಗಿ ಅದೇ ಕುರ್ಚಿ ತಂದು ನನಗೆ ಹಾಕಿದರು. ಅದನ್ನ ನಮ್ಮವರು ನೋಡಿದರು, ನಾನೂ ಅವರನ್ನ ನೋಡಿದೆ. ಹೊತ್ತು ಇಳಿಯೋ ವೇಳೆಗೆ ಗೂಡಿನ ಆ ಕಡೆಯಿಂದ ರಚ್ಚು ಒಣಗಿ ಸರಸರ ಅಂತ ಬಿತ್ತು. ಮೇಡಂ "ಇನ್ನೊಂದ್ಸಲ ಅಳಿ" ಅಂದರು. ಅಳೆದಳು. "ಇನ್ನೊಂದ್ಸಲ" ಅಂದರು. ಅಳೆದಳು. ಆಮೇಲೆ ಕನ್ನಡಕ ತೆಗೆದು ಒರೆಸಿದರು, ಒರೆಸಿದರು, ಗಾಜು ಸವೆಯೋ ಹಾಗೆ. ಪವಿ ನನ್ನನ್ನ ದಾಟಿಕೊಂಡು ಓಡಿಹೋಗಿ ಅವರನ್ನ ತಬ್ಬಿಕೊಂಡಳು.

ಕೋಲು ಹಿಡಿದು ಕಾದವಳು ನಾನು.

ಹೋಗುವಾಗ ಅವರು ಪವಿಗೆ ಒಂದು ಮಾತು ಹೇಳಿದ್ದು ನನ್ನ ಕಿವಿಗೂ ಬಿತ್ತು. "ಆವತ್ತಿನ ನಂಬರು ಬಿಸಾಕಬೇಡ. ಬಿಸಿಲಿದ್ದಾಗ ಅಜ್ಜಿ ಸಾಕು, ಬಿಸಿಲಿಲ್ಲದಾಗ ಗೂಡು ಬೇಕು. ಇದ್ದದ್ದು ಇದ್ದ ಹಾಗೆ ಬರಿ."

ಇಷ್ಟೇ ನನಗೆ ಗೊತ್ತಿರೋ ಮೇಡಂ. ಇನ್ನು ಇವತ್ತಿನ ಸಂಜೆಗೆ ಬರ್ತೀನಿ.

ಊಟಕ್ಕೆ ಮೇಡಮ್ಮನ್ನ ಕರಕೊಂಡೇ ಬರ್ತೀನಿ, ರೈಲು ನಾಳೆಗೆ ಮಾಡಿಸ್ತೀನಿ ಅಂತ ಪವಿ ನಿನ್ನೆಯೇ ಹೇಳಿದ್ದಳು. ಇಂಥ ದಿನ ನಮ್ಮ ಮನೆಯಲ್ಲಿ ನಾಟಿ ಕೋಳಿ ಆಗಲೇಬೇಕು. ಅದಕ್ಕೆ ಅಂತಲೇ ಸಾಕಿದ ಹುಂಜ ಇತ್ತು. ಮೇಡಂ ತಿನ್ನಲ್ಲ ಅಂತ ಅದು ಉಳಿಯಿತು. ಇಡೀ ದಿನ ಹಿತ್ತಲಲ್ಲಿ ನನ್ನ ಮುಖ ನೋಡಿ ನೋಡಿ ಕೂಗಿತು. ಹಿತುಕಿದ ಬೇಳೆ ಸಾರು, ಮುದ್ದೆ, ಅನ್ನ, ಶಾವಿಗೆ ಪಾಯಸ. ಪಾಯಸದಲ್ಲಿ ಮೇಡಂಗೆ ಅಂತ ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ಬೇರೆ ಎತ್ತಿಟ್ಟೆ. ಎತ್ತಿಡುವಾಗ ಬೈದುಕೊಂಡೇ ಎತ್ತಿಟ್ಟೆ.

ಬೈಕಿನಲ್ಲಿ ಬಂದದ್ದು ಮಗ, ಪವಿ, ಇಬ್ಬರೇ. ಪವಿಯ ಕತ್ತಿನಲ್ಲಿ ಹಾರ. ಅವಳನ್ನ ಬಾಗಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದೆ. ಕೆನ್ನೆ ಹಿಡಿದು ನೋಡಿದೆ, ಮತ್ತೆ ನೋಡಿದೆ, ನೋಡಿ ಸಾಕಾಗಲಿಲ್ಲ. ಆಮೇಲೆ ಅವಳ ಹಿಂದೆ ರಸ್ತೆ ನೋಡಿದೆ.

"ಎಲ್ಲವ್ವಾ ನಿಮ್ ಮೇಡಂ?"

"ಬರಲ್ಲ ಅಂದ್ರು ಅಜ್ಜಿ. ಎಷ್ಟು ಕರುದ್ರೂ ಬರ್ಲಿಲ್ಲ. 'ಇವತ್ತು ನಿಮ್ಮನೆಯವರ ಊಟ. ನಾನು ಬಂದ್ರೆ ನಿಮ್ಮಜ್ಜಿ ಬಡಿಸ್ತಾನೇ ಇರ್ತಾರೆ, ಕೂತು ಉಣ್ಣಲ್ಲ' ಅಂದ್ರು."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಬರುತ್ತಾರೆ ಅಂತ ಬೆಳಗಿನಿಂದ ಸಂಕಟ. ಈಗ ಬರಲಿಲ್ಲ ಅಂತ ಒಂದು ಸಂಕಟ. ಬರಬಹುದಿತ್ತು. ಹುಂಜ ಬೇರೆ ಉಳಿಸಿದ್ದೆ.

ಎಲ್ಲರೂ ಕೆಳಗೆ ಸಾಲಾಗಿ ಕೂತರು. ಪವಿ ನನ್ನನ್ನೂ ಕೈ ಹಿಡಿದು ಎಳೆದು ಕೂರಿಸಿದಳು. ಸೊಸೆ ಎಲ್ಲರಿಗೂ ಬಡಿಸಿ, ಪಾತ್ರೆಗಳನ್ನ ನಡುವೆ ಇಟ್ಟು, ತಾನೂ ಕೂತಳು. ಪವಿ ಕಾಲೇಜಿನ ಕಥೆ ಹೇಳಿದಳು. ಬೇರೆ ಊರಿನಿಂದ ಬಂದಿದ್ದ ಪ್ರೊಫೆಸರು ಗೆರೆಯೊಂದನ್ನ ತೋರಿಸಿ "ಈ ಬಿಸಿಲಿನ ರಚ್ಚು ಇಷ್ಟು ಚೆನ್ನಾಗಿ ಒಣಗಿಸಿದ್ದು ಯಾರು?" ಅಂದರಂತೆ. "ನಮ್ಮಜ್ಜಿ ಸರ್, ಬೇಡ ಅಂದ್ರೂ ಕೇಳ್ಲಿಲ್ಲ" ಅಂದಳಂತೆ ಇವಳು. ಅಲ್ಲಿ ಕೂತಿದ್ದವರೆಲ್ಲ ನಕ್ಕರಂತೆ. ಮೇಡಂ ಕನ್ನಡಕ ತೆಗೆದದ್ದು ಆವಾಗಲೇ ಅಂತೆ, ಆಮೇಲೆ ಹಾಕಿಕೊಳ್ಳೋಕೆ ಆಗಲೇ ಇಲ್ಲವಂತೆ. ನಮ್ಮ ಯಜಮಾನರು ನನ್ನ ಕಡೆ ನೋಡಿ ಮೀಸೆ ತಿರುವಿದರು, ಒಣಗಿಸಿದ್ದು ಅವರೇ ಅನ್ನೋ ಹಾಗೆ.

"ಬೆಲ್ಲ ಕೊಟ್ಯಾ?" ಅಂದೆ. ತಡೆಯೋಕೆ ಆಗಲಿಲ್ಲ.

ಪವಿ ಬ್ಯಾಗು ಎಳೆದುಕೊಂಡು ಬಾಳೆ ಎಲೆಯ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ಬಿಚ್ಚಿದರೆ ಬೆಳಗಿನ ಉಂಡೆ ಹಾಗೇ ಇತ್ತು. ಒಂದು ಕಡೆ ಮಾತ್ರ ಉಗುರಿನಿಂದ ಕೆರೆದ ಗುರುತು, ಅವರೆಕಾಳಿನಷ್ಟು.

"ಉಗುರಲ್ಲಿ ಒಂಚೂರು ಕೆರ್ಕಂಡು ಬಾಯಿಗಾಕಂಡ್ರು ಅಜ್ಜಿ. 'ರುಚಿ ನೋಡಿದೆ, ಸಾಕು. ಇದು ನಿಮ್ಮಜ್ಜಿ ಕೈಯಿಂದ ನಿನ್ನ ಬಾಯಿಗೆ ಹೋಗಬೇಕಾದ್ದು, ಹಾಗೇ ನಡ್ಕೊಂಡು ಬಂದಿದೆ' ಅಂತ ವಾಪಸ್ ಕಳಿಸಿದ್ರು."

ಮೊದಲ ದಿನ ನಾನು ಹೇಳಿದ ಮಾತು. ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ. ಇಷ್ಟು ಒಳ್ಳೆಯವರಾಗಿ ಯಾಕಾದರೂ ಇರಬೇಕು ಇವರು? ಹೋಗೋವಾಗಲಾದರೂ ಒಂದು ಸಲ ಜಗಳ ಆಡೋಕೆ ಏನಾದರೂ ಬಿಟ್ಟು ಹೋಗಬಾರದಿತ್ತಾ?

"ಬಾಯಿ ಕಳಿಯವ್ವ" ಅಂದೆ.

ನನ್ನ ಡಾಕ್ಟ್ರು ಮೊಮ್ಮಗಳು ಕತ್ತು ಚಾಚಿ ಬಾಯಿ ತೆಗೆದಳು. ಉಂಡೆ ಮುರಿದು ಅವಳಿಗೆ ಹಾಕಿದೆ. ಮಗನಿಗೆ, ಸೊಸೆಗೆ, ಯಜಮಾನರಿಗೆ ಒಂದೊಂದು ಚೂರು ಕೊಟ್ಟೆ. ಉಗುರಿನ ಗುರುತು ಇದ್ದ ಕಡೆಯದನ್ನ ಮಾತ್ರ ಯಾರಿಗೂ ಕೊಡಲಿಲ್ಲ. ನಾನೇ ಬಾಯಿಗೆ ಹಾಕಿಕೊಂಡೆ.

"ಮುದ್ದೆ ಆರ್ತದೆ, ಉಣ್ರೋ" ಅಂದರು ನಮ್ಮ ಯಜಮಾನರು. ಹಿತ್ತಲಲ್ಲಿ ಹುಂಜ ಇನ್ನೊಂದು ಸಲ ಕೂಗಿತು. ಸಿಹಿ ಹಾಕದ ಪಾಯಸದ ಬಟ್ಟಲನ್ನ ಪವಿ ತನ್ನ ತಟ್ಟೆ ಪಕ್ಕಕ್ಕೆ ಎಳೆದುಕೊಂಡಳು, ಮನೆಮಂದಿಯೆಲ್ಲ ಬಗ್ಗಿ ಉಣ್ಣೋಕೆ ಶುರುಮಾಡಿದೆವು.